ಉಣ್ಣಿಗೆ ಮದ್ದು, ಬೆಕ್ಕಿಗೆ ಕುತ್ತು

ಪಶು ಔಷಧಿ ಅಂಗಡಿಯಲ್ಲಿ ಐವರ್ಮೆಕ್ಟಿನ್ ಇಂಜೆಕ್ಷನ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಶೇ. 1ರ ದ್ರಾವಣ. ಅದರ ಒಂದು ಮಿ.ಲೀ.ನಲ್ಲಿ 10 ಮಿಲಿಗ್ರಾಂ ಔಷಧ ಇರುತ್ತದೆ; ಮೈಕ್ರೋಗ್ರಾಂನಲ್ಲಿ ಹೇಳುವುದಾದರೆ 10,000. ದನದ 50 ಕಿಲೋ ತೂಕಕ್ಕೆ ಒಂದು ಮಿ.ಲೀ. ಎಂಬುದು ಇದರ ಅಳತೆ. 300 ಕಿಲೋ ಹಸುವಿಗೆ ಆರು ಮಿ.ಲೀ. ಕೊಟ್ಟರೆ ಸರಿ, ಲೆಕ್ಕ ಬಲು ಸುಲಭ. ಅದೇ ಬಾಟಲಿ ಮನೆಯ ನಾಯಿಯ ಕಡೆ ತಿರುಗಿದಾಗ ಲೆಕ್ಕ ಕೈತಪ್ಪುತ್ತದೆ. ನಾಯಿಯ ಹೃದಯದ ಹುಳುವನ್ನು ತಡೆಯಲು ತಿಂಗಳಿಗೊಮ್ಮೆ ಕೊಡುವ ಐವರ್ಮೆಕ್ಟಿನ್ ಪ್ರಮಾಣ ಕಿಲೋಗೆ ಬರೀ 6 ಮೈಕ್ರೋಗ್ರಾಂ. ಹತ್ತು ಕಿಲೋ ನಾಯಿಗೆ 60 ಸಾಕು. ದನದ ಬಾಟಲಿಯ ಒಂದೇ ಮಿ.ಲೀ.ನಲ್ಲಿ ಅಂಥ 166 ನಾಯಿಗಳ ಡೋಸ್ ಇದೆ! ಅಷ್ಟು ಕಡಿಮೆ ಔಷಧವನ್ನು ಎಳೆದುಕೊಳ್ಳಲು ಮಾಮೂಲಿ ಸಿರಿಂಜಿನಲ್ಲಿ ಗೆರೆಯೇ ಇರುವುದಿಲ್ಲ.

ಇಷ್ಟಾದರೂ ದನದ ಔಷಧ ನಾಯಿಗೆ, ನಾಯಿಯ ಔಷಧ ಬೆಕ್ಕಿಗೆ ಹೋಗುವುದು ನಿಂತಿಲ್ಲ. ಕೊಟ್ಟಿಗೆಗೆ ತಂದ ಉಣ್ಣಿ ಔಷಧ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಜಗಲಿಯಲ್ಲಿ ಮಲಗಿದ ನಾಯಿಯ ಕಿವಿಯೊಳಗೆ ಉಣ್ಣಿ ಗೊಂಚಲುಗಟ್ಟಿರುತ್ತದೆ. ಬಕೆಟ್ಟಿಗೆ ಒಂದು ಮುಚ್ಚಳ ಸುರಿದು ಕಲಸಿ ಮೈಮೇಲೆ ಹೊಯ್ದರೆ ಕೆಲಸ ಮುಗಿಯಿತು ಎಂಬ ಲೆಕ್ಕಾಚಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆಯನ್ನು ನಕ್ಕು ಹೇಳುವವರೇ ಇದನ್ನು ನಗದೆ ಮಾಡುತ್ತಾರೆ. ನಾಯಿ ಬೆಕ್ಕುಗಳ ಮೈಮೇಲಿನ, ಹೊಟ್ಟೆಯೊಳಗಿನ ಪರೋಪಜೀವಿಗಳಿಗೆ ಇಂದು ಒಳ್ಳೆಯ ಔಷಧಗಳಿಗೇನೂ ಬರವಿಲ್ಲ. ತೊಂದರೆ ಬಹುಪಾಲು ಬರುವುದು ಆ ಒಳ್ಳೆಯ ಔಷಧ ತನ್ನದಲ್ಲದ ಮೈಗೆ ಹೋದಾಗ.

ಐವರ್ಮೆಕ್ಟಿನ್‌ನ ಕತೆಯಂತೂ ಸ್ವಾರಸ್ಯದ್ದು. ಜಪಾನಿನ ಕಿಟಸಾಟೊ ಸಂಸ್ಥೆಯ ವಿಜ್ಞಾನಿ ಸತೋಶಿ ಒಮುರಾ ಹೋದಲ್ಲೆಲ್ಲ ಮಣ್ಣು ಕೂಡಿಸುವ ಮನುಷ್ಯ. ಇಟೊ ನಗರದ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಪಕ್ಕದಿಂದ 1970ರ ದಶಕದಲ್ಲಿ ಅವರು ತಂದ ಒಂದು ಹಿಡಿ ಮಣ್ಣಿನಲ್ಲಿ ಹೊಸ ಬಗೆಯ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಸಿಕ್ಕಿತು. ಅಮೆರಿಕದ ಮರ್ಕ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಕ್ಯಾಂಪ್‌ಬೆಲ್ ತಂಡ ಅದು ಸ್ರವಿಸುವ ವಸ್ತುವನ್ನು ಹುಳು ಹಿಡಿದ ಇಲಿಗಳಿಗೆ ಕೊಟ್ಟು ನೋಡಿತು; ಹುಳುಗಳು ಸತ್ತವು. 1981ರಲ್ಲಿ ಇದು ಜಾನುವಾರು ಔಷಧವಾಗಿ ಮಾರುಕಟ್ಟೆಗೆ ಬಂತು. 1987ರಿಂದ ಆಫ್ರಿಕದ ನದಿಕುರುಡು ರೋಗಕ್ಕೆ ಮನುಷ್ಯರಿಗೂ ಉಚಿತವಾಗಿ ಹಂಚಿಕೆಯಾಯಿತು. ಒಮುರಾ ಮತ್ತು ಕ್ಯಾಂಪ್‌ಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ನುಂಗಿದ ಮಾತ್ರೆಯೂ ಇದೇ, ಅದರಿಂದ ಕೋವಿಡ್ ವಾಸಿಯಾಗುವುದಿಲ್ಲ ಎಂಬುದು ಆಮೇಲೆ ಖಚಿತವಾಯಿತು.

ಹುಳುವಿನ ನರಕೋಶದ ಗೋಡೆಯಲ್ಲಿರುವ ಒಂದು ಬಗೆಯ ಬಾಗಿಲುಗಳನ್ನು ಈ ಔಷಧ ತೆರೆದೇ ಇರಿಸುತ್ತದೆ. ಕ್ಲೋರೈಡ್ ಒಳನುಗ್ಗಿ ನರ ಸ್ತಬ್ಧವಾಗುತ್ತದೆ, ಹುಳು ಲಕ್ವ ಹೊಡೆದಂತೆ ಬೀಳುತ್ತದೆ. ಸಸ್ತನಿಗಳಲ್ಲಿ ಅದನ್ನು ಹೋಲುವ ಬಾಗಿಲುಗಳಿರುವುದು ಮೆದುಳು, ಬೆನ್ನುಹುರಿಗಳಲ್ಲಿ. ಅಲ್ಲಿಗೆ ಔಷಧ ನುಗ್ಗದಂತೆ ರಕ್ತನಾಳದ ಗೋಡೆಯಲ್ಲೇ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಇದ್ದು, ಬಂದದ್ದನ್ನು ಬಂದಹಾಗೇ ಹೊರಗೆ ತಳ್ಳುತ್ತಿರುತ್ತದೆ. ನಾಯಿ ಬದುಕಿರುವುದು ಆ ಪಂಪಿನ ದಯೆಯಿಂದ.

ಕಾಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಆ ಪಂಪೇ ಕೆಟ್ಟಿರುತ್ತದೆ. ಔಷಧ ಬಂದ ಕೆಲವೇ ವರ್ಷಗಳಲ್ಲಿ, ಬೇರೆ ನಾಯಿಗಳು ಸಲೀಸಾಗಿ ತಾಳಿಕೊಂಡ ಡೋಸಿಗೆ ಕಾಲಿಗಳು ತೂರಾಡಿ, ಜೊಲ್ಲು ಸುರಿಸಿ, ಪ್ರಜ್ಞೆ ತಪ್ಪುವುದನ್ನು ವೈದ್ಯರು ಗಮನಿಸಿದ್ದರು. ಕಾರಣ ಸಿಕ್ಕಿದ್ದು 2001ರಲ್ಲಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರಿನಾ ಮೀಲಿ ತಂಡ ಎಂಡಿಆರ್-1 ಎಂಬ ಜೀನ್‌ನಲ್ಲಿ ನಾಲ್ಕೇ ನಾಲ್ಕು ಅಕ್ಷರ ಬಿಟ್ಟುಹೋಗಿರುವುದನ್ನು ಪತ್ತೆಮಾಡಿತು. ಆಸ್ಟ್ರೇಲಿಯನ್ ಶೆಪರ್ಡ್, ಶೆಟ್‌ಲೆಂಡ್ ಶೀಪ್‌ಡಾಗ್‌ಗಳಲ್ಲೂ, ನಮ್ಮಲ್ಲಿ ಬಹಳ ಜನ ಸಾಕುವ ಜರ್ಮನ್ ಶೆಪರ್ಡ್‌ಗಳ ಒಂದು ಪಾಲಿನಲ್ಲೂ ಈ ದೋಷ ಇದೆ. ಹೃದಯದ ಹುಳು ತಡೆಯುವ 6 ಮೈಕ್ರೋಗ್ರಾಂ ಇವಕ್ಕೂ ಅಪಾಯವಲ್ಲ. ಕಜ್ಜಿಗೆಂದು ಅದರ ಮೂವತ್ತು ಐವತ್ತು ಪಟ್ಟು ಕೊಟ್ಟಾಗ ಪ್ರಾಣಕ್ಕೆ ಬರುತ್ತದೆ. ವಿಷ ಏರಿದ ಮೇಲೆ ಇಳಿಸಲು ನಿರ್ದಿಷ್ಟ ಪ್ರತಿಮದ್ದಿಲ್ಲ. ದಿನಗಟ್ಟಲೆ ಡ್ರಿಪ್ ಹಾಕಿ ಕಾಯಬೇಕು.

ಇನ್ನು ಉಣ್ಣಿ. ಮಲೆನಾಡಿನ ಕಡೆ ಉಣುಗು ಎನ್ನುವ ಇದು ನಾಯಿ ಸಾಕಿದವರ ದೊಡ್ಡ ತಲೆನೋವು. ನಮ್ಮ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಕಂದು ನಾಯಿ ಉಣ್ಣಿ. ಇದು ಕಾಡಿನಲ್ಲಿ ಇರಬೇಕೆಂದಿಲ್ಲ, ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲೂ ಸಂಸಾರ ಹೂಡುತ್ತದೆ. ರಕ್ತ ಕುಡಿದು ಹರಳುಬೀಜದ ಗಾತ್ರಕ್ಕೆ ಉಬ್ಬಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸೇರಿಕೊಂಡು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿ, ಎಳೆ ಉಣ್ಣಿ, ಬೆಳೆದ ಉಣ್ಣಿ ಎಂಬ ಮೂರು ಹಂತದಲ್ಲೂ ಅದಕ್ಕೆ ನಾಯಿಯೇ ಬೇಕು. ಪ್ರತಿ ಬಾರಿ ರಕ್ತ ಕುಡಿದ ಮೇಲೂ ನೆಲಕ್ಕಿಳಿದು ಬಚ್ಚಿಟ್ಟುಕೊಳ್ಳುತ್ತದೆ. ಬೆಳೆದ ಉಣ್ಣಿ ತಿಂಗಳುಗಟ್ಟಲೆ ಉಪವಾಸ ಕೂರಬಲ್ಲದು. ಹಾಗಾಗಿ ನಾಯಿಯ ಮೈಮೇಲೆ ಕಂಡದ್ದು ಒಟ್ಟು ಸೈನ್ಯದ ಒಂದು ತುಕಡಿ ಅಷ್ಟೇ. ಶಾಂಪೂ ಹಾಕಿ ಉಜ್ಜಿದರೆ ಅಂದಿನ ಉಣ್ಣಿ ಹೋಗುತ್ತದೆ, ಮುಂದಿನ ವಾರದ್ದು ಗೋಡೆಯಲ್ಲಿ ಕಾದಿರುತ್ತದೆ.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಲೆಕ್ಕ ಬದಲಾದದ್ದು ಐಸಾಕ್ಸಜೋಲಿನ್ ಗುಂಪಿನ ಮಾತ್ರೆಗಳಿಂದ. ಅಫಾಕ್ಸೊಲೇನರ್, ಫ್ಲುರಲೇನರ್, ಸಾರೊಲೇನರ್ ಎಂಬ ಇವು ಮಾಂಸದ ವಾಸನೆಯ, ನಾಯಿ ತಾನಾಗಿ ಅಗಿದು ತಿನ್ನುವ ಮಾತ್ರೆಗಳು. ಫ್ಲುರಲೇನರ್ ಒಂದು ಮಾತ್ರೆ ಸುಮಾರು 12 ವಾರ ಕೆಲಸ ಮಾಡಿದರೆ ಉಳಿದೆರಡನ್ನು ತಿಂಗಳಿಗೊಮ್ಮೆ ಕೊಡಬೇಕು. ಔಷಧ ನಾಯಿಯ ರಕ್ತದಲ್ಲಿ ಓಡಾಡುತ್ತಿರುತ್ತದೆ. ಉಣ್ಣಿ ಕಚ್ಚಿ ಕುಡಿಯಿತೋ, ಕೈಕಾಲು ನಡುಗಿ ಸಾಯುತ್ತದೆ. ಮಾತ್ರೆ ನುಂಗಿಸಿದ ಮೇಲೂ ಮೈಮೇಲೆ ಉಣ್ಣಿ ಕಂಡಿತೆಂದು ಅಂಗಡಿಯವನ ಜತೆ ಜಗಳಕ್ಕೆ ಹೋಗುವವರು ತಿಳಿಯಬೇಕಾದ್ದು ಇದೇ: ಉಣ್ಣಿ ಹತ್ತುವುದನ್ನು ಈ ಮಾತ್ರೆ ತಡೆಯುವುದಿಲ್ಲ, ಹತ್ತಿದ್ದು ಒಂದೆರಡು ದಿನದೊಳಗೆ ಸಾಯುತ್ತದೆ. ಹತ್ತದಂತೆಯೇ ದೂರ ಇಡುವ ಗುಣ ಪರ್ಮೆಥ್ರಿನ್, ಫ್ಲುಮೆಥ್ರಿನ್ ತರಹದ ಔಷಧ ಇರುವ ಹನಿ ಅಥವಾ ಕೊರಳಪಟ್ಟಿಗಳದ್ದು.

ಡೆಮೊಡೆಕ್ಸ್ ಎಂಬ ನುಸಿಯಿಂದ ಬರುವ ಕಜ್ಜಿಗೂ ಈ ಮಾತ್ರೆಗಳು ವರವಾದವು. ಮೊದಲೆಲ್ಲ ಅದಕ್ಕೆ ಅಮಿಟ್ರಾಜ್ ದ್ರಾವಣದಲ್ಲಿ ತಿಂಗಳುಗಟ್ಟಲೆ ಸ್ನಾನ, ಇಲ್ಲವೇ ದಿನಾ ಐವರ್ಮೆಕ್ಟಿನ್. ಅಮಿಟ್ರಾಜ್ ಹಾಕಿದ ನಾಯಿ ಮಂಕಾಗಿ ಮಲಗುತ್ತದೆ, ಎದೆಬಡಿತ ಇಳಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆ ಇರುವ ಯಜಮಾನರು ಅದನ್ನು ಬರಿಗೈಯಲ್ಲಿ ಮುಟ್ಟುವುದೂ ಒಳ್ಳೆಯದಲ್ಲ. ಹೊಸ ಮಾತ್ರೆಗಳೇನೂ ಪೂರಾ ನಿರಪಾಯವಲ್ಲ. ಕೆಲವು ನಾಯಿ ಬೆಕ್ಕುಗಳಲ್ಲಿ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ನಾಯಿಗೆ ಹಿಂದೆ ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಚಿಗಟದ ವಿಷಯದಲ್ಲಿ ಯಾಮಾರುವುದು ಇನ್ನೊಂದು ಬಗೆ. ಒಂದು ಮನೆಯ ಒಟ್ಟು ಚಿಗಟದಲ್ಲಿ ಪ್ರಾಣಿಯ ಮೈಮೇಲೆ ಕಾಣುವುದು ಶೇ. 5ರಷ್ಟು ಎಂಬುದು ಪಶುವೈದ್ಯರ ರೂಢಿಯ ಲೆಕ್ಕ. ಉಳಿದದ್ದು ಮೊಟ್ಟೆ, ಮರಿ, ಗೂಡಿನ ರೂಪದಲ್ಲಿ ಚಾಪೆ, ಸೋಫಾ, ಹಾಸಿಗೆಯ ಸಂದಿಗಳಲ್ಲಿರುತ್ತದೆ. ಆ ಗೂಡಿಗೆ ಯಾವ ಕೀಟನಾಶಕವೂ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಚಿಗಟ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಗಲುವವರೆಗೂ ವಾರಗಟ್ಟಲೆ ತೆಪ್ಪಗಿರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದು ಬೀಗ ತೆಗೆದವರ ಕಾಲಿಗೆ ಚಿಗಟ ಮುತ್ತುವುದು ಇದರಿಂದಲೇ. ಔಷಧ ಹಾಕಿದ ಮೇಲೂ ಎರಡು ಮೂರು ವಾರ ಹೊಸ ಚಿಗಟ ಕಾಣುತ್ತದೆ, ಅಲ್ಲಿಗೆ ಬಿಟ್ಟುಬಿಡದೆ ತಿಂಗಳ ಸರದಿ ತಪ್ಪದಂತೆ ಹಾಕುತ್ತಿದ್ದರೆ ಗೂಡು ಬರಿದಾಗುತ್ತದೆ. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಸಂದಿಗೊಂದಿ ಗುಡಿಸುವುದು ಔಷಧದಷ್ಟೇ ಮುಖ್ಯ.

ಉಣ್ಣಿ ಎಂದರೆ ಶಿವಮೊಗ್ಗ, ಉತ್ತರ ಕನ್ನಡದವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ಸನ್ನು ಮುಖ್ಯವಾಗಿ ಹರಡುವುದು ಬೇರೆ ಜಾತಿಯ ಕಾಡು ಉಣ್ಣಿ, ನಾಯಿಗೂಡಿನ ಕಂದು ಉಣ್ಣಿಯಲ್ಲ. ಆದರೂ ಆ ಸೀಮೆಯಲ್ಲಿ ಕಾಡು ಸುತ್ತಿ ಬರುವ ನಾಯಿ ಮೈಮೇಲೆ ಏನು ಹೊತ್ತು ತರುತ್ತದೆಂದು ನೋಡಿಕೊಳ್ಳುವುದು ಲೇಸು.

ನಾಯಿಗೆ ಉಣ್ಣಿ ಕೊಡುವ ಜ್ವರಗಳೇ ಬೇರೆ: ಎರ್ಲೀಕಿಯಾ, ಬಬೇಸಿಯಾ. ಊಟ ಬಿಟ್ಟ ನಾಯಿ, ಬಿಳಿಚಿದ ಒಸಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಡೆಂಗಿಯಿಂದಾಗಿ ಎಲ್ಲರ ಬಾಯಲ್ಲಿರುವ ‘ಪ್ಲೇಟ್‌ಲೆಟ್’ ಇಲ್ಲೂ ಕುಸಿಯುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸೇನೆಯ ಜರ್ಮನ್ ಶೆಪರ್ಡ್‌ಗಳು ಸಾಲುಸಾಲಾಗಿ ಸತ್ತದ್ದು ಇದೇ ಎರ್ಲೀಕಿಯಾದಿಂದ. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಇದಕ್ಕೆ ಮದ್ದು. ನಾಲ್ಕು ವಾರ ಬಿಡದೆ ಕೊಡಬೇಕು. ಮೂರನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸುತ್ತದೆ, ಐದನೇ ದಿನಕ್ಕೆ ತಟ್ಟೆ ನೆಕ್ಕುತ್ತದೆ, ಆರನೇ ದಿನ ಯಜಮಾನರು ಮಾತ್ರೆ ನಿಲ್ಲಿಸುತ್ತಾರೆ. ರೋಗಾಣು ಮೂಳೆಯ ಮಜ್ಜೆಯಲ್ಲಿ ಅಡಗಿ ಕುಳಿತು, ತಿಂಗಳುಗಳ ಮೇಲೆ ಮತ್ತೆ ತಲೆಯೆತ್ತಿದಾಗ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಬೇಸಿಯಾಗೆ ಬೇರೆಯೇ ಔಷಧ ಬೇಕು. ಅದರ ಒಂದು ತಳಿಗೆ ಹಳೆಯ ಇಂಜೆಕ್ಷನ್‌ಗಳು ಸಾಕಾಗದೆ ದುಬಾರಿ ಮಲೇರಿಯಾ ಔಷಧ ಅಟೊವಕ್ವೋನ್ ತರಿಸಬೇಕಾಗುತ್ತದೆ. ರಕ್ತಪರೀಕ್ಷೆ ಇಲ್ಲದೆ ‘ಉಣ್ಣಿ ಜ್ವರ’ ಎಂದು ಒಂದೇ ಮಾತ್ರೆ ಎಲ್ಲಕ್ಕೂ ನಡೆಯುವುದಿಲ್ಲ.

ಹೊಟ್ಟೆಯ ಹುಳುವಿಗೆ ಬಂದರೆ ಪಶುವೈದ್ಯರು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: ‘ಡಾಕ್ಟ್ರೇ, ಇಂಜೆಕ್ಷನ್ ಎಲ್ಲ ಹಾಕ್ಸಿದೀವಲ್ಲ, ಮತ್ತೆ ಹುಳ ಹೇಗ್ ಬಂತು?’ ರೇಬೀಸ್, ಪಾರ್ವೊ ಲಸಿಕೆಗೂ ಜಂತುಹುಳುವಿಗೂ ಸಂಬಂಧವಿಲ್ಲ. ಇನ್ನೂ ಅಚ್ಚರಿಯ ಸಂಗತಿಯೆಂದರೆ ಅಂಗಳಕ್ಕೇ ಇಳಿಯದ ನಾಯಿಮರಿಯ ಹೊಟ್ಟೆಯಲ್ಲೂ ದುಂಡುಹುಳು ಇರುತ್ತದೆ. ತಾಯಿಯ ಮಾಂಸಖಂಡಗಳಲ್ಲಿ ವರ್ಷಗಟ್ಟಲೆ ನಿದ್ದೆಹೋಗಿದ್ದ ಮರಿಹುಳುಗಳು ಗಬ್ಬದ ಕೊನೆಯ ವಾರಗಳಲ್ಲಿ ಎದ್ದು, ಜರಾಯು ದಾಟಿ, ಹುಟ್ಟುವ ಮುಂಚೆಯೇ ಮರಿಯನ್ನು ಸೇರುತ್ತವೆ. ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಬೆಕ್ಕಿನಲ್ಲಿ ಗರ್ಭದ ದಾರಿ ಇಲ್ಲ, ಹಾಲಿನ ದಾರಿ ಮಾತ್ರ. ಆದ್ದರಿಂದ ನಾಯಿಮರಿಗೆ ಎರಡನೇ ವಾರದಿಂದ, ಬೆಕ್ಕಿನ ಮರಿಗೆ ಮೂರನೇ ವಾರದಿಂದ ಜಂತುಹುಳು ಔಷಧ ಶುರುಮಾಡಿ, ಹಾಲು ಬಿಡುವವರೆಗೂ ಹದಿನೈದು ದಿನಕ್ಕೊಮ್ಮೆ, ಬಳಿಕ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಬೆಳೆದ ಮೇಲೆ ಮೂರು ತಿಂಗಳಿಗೊಮ್ಮೆ ಸಾಮಾನ್ಯವಾಗಿ ಸಾಕು. ಹೊಟ್ಟೆ ಉಬ್ಬಿದ ಮರಿಯನ್ನು ‘ಗುಂಡುಗುಂಡಾಗಿದೆ’ ಎಂದು ಮುದ್ದಾಡುವ ಮನೆಗಳಲ್ಲಿ ಈ ಸರದಿ ತಪ್ಪಿಹೋಗುತ್ತದೆ.

ಯಾವ ಹುಳುವಿಗೆ ಯಾವ ಮದ್ದು ಎಂಬುದೂ ಬೇರೆ ಬೇರೆ. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳುಗಳ ಸ್ನಾಯು ಸೆಡೆದು ಹಿಡಿತ ಬಿಡಿಸುತ್ತದೆ. ಮಾರನೇ ದಿನ ಮಲದಲ್ಲಿ ಶಾವಿಗೆಯೆಳೆಯಂಥವು ಕೆಲವೊಮ್ಮೆ ಜೀವಂತವಾಗಿಯೇ ಬೀಳುತ್ತವೆ. ನೋಡಿ ಹೆದರಬೇಕಿಲ್ಲ, ಔಷಧ ಕೆಲಸ ಮಾಡಿದೆ. ಫೆನ್‌ಬೆಂಡಜೋಲ್ ನಿಧಾನದ್ದು, ಅದನ್ನು ಮೂರು ದಿನವಾದರೂ ಸತತ ಕೊಡಬೇಕಾಗುತ್ತದೆ. ಲಾಡಿಹುಳುವಿಗೆ ಇವೆರಡನ್ನೂ ನಂಬಿ ಕೂರುವಂತಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ಅದು ಹುಳುವಿನ ಚರ್ಮವನ್ನೇ ಹಾಳುಗೆಡವುತ್ತದೆ, ಸತ್ತ ಹುಳು ಕರುಳಿನಲ್ಲೇ ಜೀರ್ಣವಾಗುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ನಾಯಿಯ ಗುದದ ಸುತ್ತ ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ತುಣುಕು ಹರಿದಾಡುತ್ತಿದ್ದರೆ ಅದು ಲಾಡಿಹುಳುವಿನ ತುಂಡು. ಆ ಹುಳುವಿನ ಮರಿ ಇರುವುದು ಚಿಗಟದ ಹೊಟ್ಟೆಯಲ್ಲಿ, ಕೆರೆದುಕೊಳ್ಳುವಾಗ ನಾಯಿ ಚಿಗಟವನ್ನೇ ನುಂಗುತ್ತದೆ. ಚಿಗಟ ಬಿಟ್ಟು ಬರೀ ಮಾತ್ರೆ ಕೊಟ್ಟರೆ ತಿಂಗಳಲ್ಲಿ ಅಕ್ಕಿಕಾಳು ಮರಳಿ ಹಾಜರು.

ಇದರಲ್ಲಿ ಮನುಷ್ಯರ ಪಾಲೂ ಇದೆ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಮಣ್ಣಾಡುವ ಮಕ್ಕಳ ಬಾಯಿಗೆ ಹೋದರೆ ಮರಿಹುಳು ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಕಣ್ಣಿನಲ್ಲೂ ಅಲೆಯುತ್ತದೆ. ಕರಾವಳಿಯವರಿಗೆ ಮತ್ತೊಂದು ಇದೆ. ಸೊಳ್ಳೆಯಿಂದ ಹರಡುವ ಡೈರೊಫೈಲೇರಿಯಾ ರೆಪೆನ್ಸ್ ನಾಯಿಯ ಚರ್ಮದಡಿ ವಾಸಿಸುವ ಹುಳು. ಕೇರಳ ಮತ್ತು ಕರಾವಳಿ ಕರ್ನಾಟಕದಲ್ಲಿ ಮನುಷ್ಯರ ಕಣ್ಣಿನ ಬಿಳಿಪೊರೆಯಡಿಯಿಂದ ಇದನ್ನು ವೈದ್ಯರು ಜೀವಂತ ಎಳೆದು ತೆಗೆದ ಪ್ರಕರಣಗಳು ವರದಿಯಾಗಿವೆ. ಇದರ ಅಣ್ಣನಂಥ ಹೃದಯದ ಹುಳು ನಮ್ಮ ದೇಶದಲ್ಲಿ ಹೆಚ್ಚು ಕಂಡಿರುವುದು ಈಶಾನ್ಯ ರಾಜ್ಯಗಳಲ್ಲಿ. ತಡೆಯಲು ತಿಂಗಳಿಗೊಂದು ಮಾತ್ರೆ ಸಾಕು. ಬಂದ ಮೇಲೆ ಬೆನ್ನಿನ ಸ್ನಾಯುವಿಗೆ ಆರ್ಸೆನಿಕ್ ಇರುವ ಮೆಲಾರ್ಸೊಮಿನ್ ಚುಚ್ಚಿ, ಸತ್ತ ಹುಳು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡಗಟ್ಟದಂತೆ ನಾಯಿಯನ್ನು ವಾರಗಟ್ಟಲೆ ಓಡಾಡಲು ಬಿಡದೆ ಕಟ್ಟಿಹಾಕಬೇಕು.

ದುಡ್ಡಿನ ಮಾತು ಬಿಟ್ಟರೆ ಇದೆಲ್ಲ ಅರ್ಧಸತ್ಯವಾದೀತು. ಜಂತುಹುಳು ಔಷಧ ಅಗ್ಗ, ಉಣ್ಣಿಯ ಹೊಸ ಮಾತ್ರೆಗಳು ದುಬಾರಿ. ಎರಡು ಸಣ್ಣ ನಾಯಿ ಇರುವವರು ದೊಡ್ಡ ನಾಯಿಯ ಮಾತ್ರೆ ಒಂದನ್ನು ತಂದು ಚಾಕುವಿನಲ್ಲಿ ಎರಡು ಮಾಡಿ ಹಂಚುತ್ತಾರೆ. ಜಾಣತನದಂತೆ ಕಾಣುವ ಈ ಉಳಿತಾಯದಲ್ಲಿ ಒಂದು ತೊಡಕಿದೆ: ಔಷಧ ಮಾತ್ರೆಯ ಎರಡೂ ತುಂಡಿನಲ್ಲಿ ಸಮನಾಗಿರುತ್ತದೆಂಬ ಭರವಸೆ ಇಲ್ಲ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗಬಹುದು. ಅರೆಬರೆ ಡೋಸ್ ಪದೇ ಪದೇ ಸಿಕ್ಕರೆ ಹುಳುಗಳೂ ಪಳಗುತ್ತವೆ. ಅಮೆರಿಕದಲ್ಲಿ ರೇಸ್ ಗ್ರೇಹೌಂಡ್‌ಗಳ ಕೊಕ್ಕೆಹುಳುಗಳು ಒಂದಕ್ಕಿಂತ ಹೆಚ್ಚು ಔಷಧಗಳಿಗೆ ಜಗ್ಗದಂತಾಗಿರುವುದು ಈಗಾಗಲೇ ದಾಖಲಾಗಿದೆ. ಅಂದಾಜಿನ ತೂಕದ ಬದಲು ಮನೆಯ ತೂಕದ ಯಂತ್ರದ ಮೇಲೆ ಮರಿಯನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆದರೆ ಲೆಕ್ಕ ಸಿಗುತ್ತದೆ. ಬೆಳೆಯುವ ಮರಿಗೆ ಹೋದ ತಿಂಗಳ ಡೋಸ್ ಈ ತಿಂಗಳಿಗೆ ಸಾಲದು.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಬೆಕ್ಕು. ನಾಯಿಯ ಕತ್ತಿನ ಹಿಂದೆ ಹಾಕುವ ಕೆಲವು ಹನಿ ಔಷಧಗಳಲ್ಲಿ ಅರ್ಧದಷ್ಟು ಪರ್ಮೆಥ್ರಿನ್ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವಗಳು ತೀರ ದುರ್ಬಲ. ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುವುದಕ್ಕೂ ಇಂಥದೇ ಕಾರಣ. ನಾಯಿಗೆ ಹಾಕಿ ಉಳಿದ ನಾಲ್ಕು ಹನಿ ಬೆಕ್ಕಿಗೆ ಹೋದರೆ ಕೆಲವೇ ಗಂಟೆಗಳಲ್ಲಿ ಕಿವಿ, ಮುಖ ಅದುರತೊಡಗಿ, ಮೈಯೆಲ್ಲ ನಡುಗಿ ಫಿಟ್ಸ್ ಬರುತ್ತದೆ. ಹನಿ ಹಾಕಿದ ನಾಯಿಯ ಪಕ್ಕ ಬೆಕ್ಕು ಅಂಟಿಕೊಂಡು ಮಲಗಿದರೂ, ಅದರ ಮೈ ನೆಕ್ಕಿದರೂ ಆದೀತು. ಅಮಿಟ್ರಾಜ್ ಕೂಡ ಬೆಕ್ಕಿಗೆ ಕೂಡದು. ಹೊಗೆಸೊಪ್ಪಿನ ಕಷಾಯ, ಸೀಮೆಎಣ್ಣೆ, ನುಸಿಗುಳಿಗೆಯ ಪುಡಿಗಳು ಮನೆಮದ್ದಿನ ವೇಷದ ವಿಷಗಳು. ಮೈಯನ್ನು ನಾಲಿಗೆಯಿಂದಲೇ ತೊಳೆದುಕೊಳ್ಳುವ ಪ್ರಾಣಿಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಹೊಟ್ಟೆಹುಳಕ್ಕೆಂದು ತಿನ್ನಿಸುವ ಬೆಳ್ಳುಳ್ಳಿ ಬೆಕ್ಕು, ನಾಯಿ ಎರಡರಲ್ಲೂ ಕೆಂಪು ರಕ್ತಕಣ ಒಡೆಯುತ್ತದೆ. ಬೆಕ್ಕಿಗೆಂದೇ ತಯಾರಾದ ಸೆಲಮೆಕ್ಟಿನ್, ಫಿಪ್ರೊನಿಲ್ ಹನಿಗಳಿವೆ. ನಾಲಿಗೆಗೆ ಎಟುಕದಂತೆ ಕತ್ತಿನ ಹಿಂದೆ, ತಲೆಬುಡದಲ್ಲಿ ಕೂದಲು ಸರಿಸಿ ಚರ್ಮಕ್ಕೇ ತಾಗುವಂತೆ ಬಿಡಬೇಕು. ಇದೇ ಫಿಪ್ರೊನಿಲ್ ಮೊಲಕ್ಕೆ ಆಗದು ಎಂಬುದು ಮೊಲ ಸಾಕಿದವರಿಗೆ ತಿಳಿದಿರಲಿ.

ಕೈತಪ್ಪಿ ನಾಯಿಯ ಹನಿ ಬೆಕ್ಕಿನ ಮೇಲೆ ಬಿದ್ದೇ ಬಿಟ್ಟರೆ ನಡುಕ ಶುರುವಾಗಲೆಂದು ಕಾಯಬಾರದು. ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಆ ಜಾಗವನ್ನು ಚೆನ್ನಾಗಿ ತೊಳೆಯಬೇಕು. ಬಿಸಿನೀರು ಚರ್ಮದ ಹೀರುವಿಕೆಯನ್ನು ಹೆಚ್ಚಿಸುತ್ತದೆ, ತಣ್ಣೀರು ನಡುಕವನ್ನು ಹೆಚ್ಚಿಸುತ್ತದೆ. ಒಣ ಟವೆಲಿನಲ್ಲಿ ಸುತ್ತಿ, ಬೆಚ್ಚಗಿಟ್ಟು, ಹಾಲು ಎಣ್ಣೆ ಏನನ್ನೂ ಕುಡಿಸದೆ ನೇರ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೋಗುವಾಗ ಔಷಧದ ಖಾಲಿ ಪೊಟ್ಟಣವನ್ನು ಕಸದಬುಟ್ಟಿಯಿಂದ ಹೆಕ್ಕಿಯಾದರೂ ಜೊತೆಗಿಟ್ಟುಕೊಳ್ಳಬೇಕು. ಒಳಗಿದ್ದ ರಾಸಾಯನಿಕ ಯಾವುದು, ಶೇಕಡಾ ಎಷ್ಟು, ಯಾವ ಪ್ರಾಣಿಗೆ, ಎಷ್ಟು ಕಿಲೋ ತೂಕಕ್ಕೆ ಎಂಬುದು ಅದರ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ವೈದ್ಯರು ಮೊದಲು ಕೇಳುವುದೂ ಅದನ್ನೇ.